ಕತ್ತಲಲ್ಲಿ ಅಳೆದ ಕಣ್ಣು

ಶೇವಂತಾಬಾಯಿಗೆ ಯಾರ ಮಾತಿನ ಮೇಲೂ ಪೂರ್ತಿ ನಂಬಿಕೆಯಿಲ್ಲ. ಕೊಲ್ಹಾಪುರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷ ನರ್ಸಾಗಿ ದುಡಿದವಳು. ಕುಡಿದಿಲ್ಲ ಅಂದವನ ಬಾಯಿ ಮೂಸುವಳು, ಮಾತ್ರೆ ನುಂಗಿದೆ ಅಂದವನ ದಿಂಬು ಎತ್ತಿ ನೋಡುವಳು. ಪೊಲೀಸರಂತೆ ತನಿಖೆ ಮಾಡುತ್ತಾಳೆಂದು ವಾರ್ಡಿನವರು ಅವಳಿಗೆ ಫೌಜದಾರಬಾಯಿ ಅಂತ ಹೆಸರಿಟ್ಟಿದ್ದರು. ಅನ್ನಲಿ ಬಿಡಿ, ಅವಳಿಗೇನು! ಕಣ್ಣಿನ ಪಾಪೆ ಅಳೆಯುವ ಪುಟ್ಟ ಯಂತ್ರ ಬಂದ ಮೇಲಂತೂ ಅವಳಿಗೆ ಅದೊಂದರ ಮೇಲೆಯೇ ಭರವಸೆ. ಪಾಪೆಗೆ ಸುಳ್ಳು ಹೇಳಲು ಬರುವುದಿಲ್ಲವಲ್ಲ.

ಆ ಬುಧವಾರ ಬೆಳಿಗ್ಗೆ ಪೈಲವಾನ ಹಿಂದೂರಾವನನ್ನು ಹೊತ್ತು ತಂದರು. ಇಪ್ಪತ್ನಾಲ್ಕರ ಹುಡುಗ. ಬಲಗೈ ಬಲಗಾಲು ಬಿದ್ದುಹೋಗಿದ್ದವು, ಮಾತು ನಿಂತಿತ್ತು. ಈ ವಯಸ್ಸಿಗೆ ಪಾರ್ಶ್ವವಾಯುವೇ? "ಯಾರದೋ ದೃಷ್ಟಿ ತಾಗೇತಿ" ಎಂದು ತಾಯಿ ಕೊಂಡಾಬಾಯಿ ಗೋಳಾಡಿದಳು. "ಕದ್ದು ಮೈ ಬೆಳೆಸೂ ಇಂಜೆಕ್ಷನ್ ತಗೊಂಡಿರಬೇಕು" ಎಂದು ತಾಲೀಮಿನ, ಅಂದರೆ ಕುಸ್ತಿ ಗರಡಿಯ ಗೆಳೆಯರು ಪಿಸುಗುಟ್ಟಿದರು. ತಾಲೀಮಿನ ಗುರು ದಾದೋಬಾ ವಸ್ತಾದ ಮಾತ್ರ ಗೋಡೆಗೆ ಒರಗಿ ತುಟಿಪಿಟಕ್ಕೆನ್ನದೆ ನಿಂತಿದ್ದ. ಅವನು ಶೇವಂತಾಬಾಯಿಯ ಸ್ವಂತ ಅಪ್ಪ. ಎಲ್ಲದಕ್ಕೂ ಬಾಯಿ ಹಾಕುವ ಅಪ್ಪ ಸುಮ್ಮನಿದ್ದದ್ದೇ ಅವಳ ತಲೆಯೊಳಗೆ ಹುಳ ಬಿಟ್ಟಿತು.

ಬೆಳಕಿನಲ್ಲಿ ಅಳೆದರೆ ಎರಡೂ ಪಾಪೆ ಹೆಚ್ಚುಕಡಿಮೆ ಒಂದೇ. ಅವಳು ಬಿಡಲಿಲ್ಲ. ಕಿಟಕಿ ಮುಚ್ಚಿ, ದೀಪ ಆರಿಸಿ ಮತ್ತೆ ಅಳೆದಳು; ಕತ್ತಲಲ್ಲಿ ಎರಡೂ ಸಮನಾಗಿ ಅರಳಬೇಕು. ಬಲಗಡೆಯದು ಆರು ಮಿಲಿಮೀಟರ್ ಅರಳಿತು, ಎಡಗಡೆಯದು ನಾಲ್ಕಕ್ಕೇ ನಿಂತಿತು. ಎಡರೆಪ್ಪೆಯೂ ಕೊಂಚ ಜೋತಿತ್ತು.

ಡಾಕ್ಟರ್ ನಿಂಬಾಳಕರ ಹುಬ್ಬು ಗಂಟಿಕ್ಕಿದರು. "ಕುತ್ತಿಗಿ ಒಳಗಿನ ರಕ್ತನಾಳ ಹರಿದ್ರ ಹಿಂಗಾಗ್ತದ. ಆದ್ರ ಕುಸ್ತಿಯೊಳಗ ಕಣ್ಣಿಗೆ ಬಿದ್ದ ಹಳೇ ಪೆಟ್ಟೂ ಇರಬಹುದು. ಕುತ್ತಿಗಿಗೆ ಏನರ ಆಗಿತ್ತೇನು? ಆಗಿದ್ರ ಈಗಿಂದೀಗ ಅಲ್ಲೇ ಸ್ಕ್ಯಾನ್ ಮಾಡಸ್ತೀನಿ. ಇಲ್ಲಂದ್ರ ಹೃದಯದಿಂದ ಹುಡುಕಬೇಕು. ತಪ್ಪು ಕಡೆ ಹುಡುಕ್ತಾ ಕುಂತ್ರ ಇನ್ನೊಂದು ಹೊಡತ ಬೀಳ್ತದ, ಹುಡುಗ ಉಳಿಯೂದಿಲ್ಲ."

ಎಲ್ಲರೂ ವಸ್ತಾದನ ಮುಖ ನೋಡಿದರು.

"ಏನೂ ಆಗಿಲ್ಲ" ಅಂದ.

ಶೇವಂತಾಬಾಯಿಗೆ ಮೈಯೆಲ್ಲ ಉರಿಯಿತು. ಕುಸ್ತಿ ಮುಗಿದ ಮೇಲೆ ಹುಡುಗರನ್ನು ಸಾಲಾಗಿ ಕೂರಿಸಿ, ಗದ್ದ ಹಿಡಿದು ಗಕ್ಕನೆ ಕುತ್ತಿಗೆ ತಿರುವಿ ನೆಟಿಕೆ ತೆಗೆಯುವುದು ಅಪ್ಪನ ಪದ್ಧತಿ. ಹುಡುಗರು ಕಾಲು ಮುಟ್ಟಿ ಏಳುವರು. ಗುರುವಿನ ಕೈ ಬಗ್ಗೆ ಅವರಲ್ಲೊಬ್ಬನೂ ಬಾಯಿ ಬಿಡುವವನಲ್ಲ.

"ಆಬಾ, ಖರೆ ಹೇಳು."

"ನಿನ್ನ ಫೌಜದಾರಕಿ ನನ್ನ ಮುಂದ ಬ್ಯಾಡ. ಐವತ್ತು ವರ್ಷದಾಗ ಈ ಕೈ ಯಾರಿಗೂ ಕೇಡು ಮಾಡಿಲ್ಲ."

"ಹೌದಾ? ಹಂಗಾರ ನನ್ನ ಕುತ್ತಿಗಿ ತಿರುವು." ಸ್ಟೂಲು ಎಳೆದು ಅವನಿಗೆ ಬೆನ್ನು ಮಾಡಿ ಕೂತೇಬಿಟ್ಟಳು. "ತಿರುವು ಅಂದೆನಲ್ಲ!"

ಅಪ್ಪನ ಒಂದು ಕೈ ರೂಢಿಯಂತೆ ಗದ್ದಕ್ಕೆ ಬಂತು, ಇನ್ನೊಂದು ತಲೆಗೆ. ಅಲ್ಲೇ ನಿಂತವು. ತಿರುವಲಿಲ್ಲ; ಮೆಲ್ಲಗೆ ಕೆಳಗಿಳಿದವು.

"ನಿನ್ನೆ ಸಂಜಿಗೆ ತಿರುವಿದ್ದೆ" ಅಂದ ಮುದುಕ. "ಎರಡು ಸಲ. ಮೊದಲ್ನೇ ಸಲ ಸಪ್ಪಳ ಬರಲಿಲ್ಲಂತ."

ಡಾಕ್ಟರು ಆಗಲೇ ಓಡಿದ್ದರು. ಸ್ಕ್ಯಾನಿನಲ್ಲಿ ಎಡಗಡೆಯ ನಾಳ ಹರಿದದ್ದು ಕಂಡಿತು, ಔಷಧ ಶುರುವಾಯಿತು. ಜೀವಕ್ಕೆ ಭಯವಿಲ್ಲ ಅಂದರು. ಮಾತು ಬರುವುದನ್ನು ಮಾತ್ರ ಹೇಳಲಾಗದು ಅಂದರು.

ಕೊಂಡಾಬಾಯಿ ದಾದೋಬಾನ ಎದುರು ಬಂದು ನಿಂತಳು. ಬಯ್ಯಲಿಲ್ಲ.

"ನಿನ್ನೆ ಉಂಡು ಮಲಗೂ ಮುಂದ, 'ಆಯೀ, ಕುತ್ತಿಗಿ ಭಾಳ ಹಗುರಾತು, ವಸ್ತಾದರ ಕೈಗುಣ ದೊಡ್ಡದು' ಅಂದ. ಆಮ್ಯಾಲೆ ಮಾತಾಡೇ ಇಲ್ಲ ನೋಡ್ರಿ."