ಸೀರೆಯ ಬೇಲಿಯೊಳಗೆ ಚಿಗರಿ ಮರಿ

ನಮ್ಮ ಕಡೆ ಆಯೇರಿ ಸೀರೆ ಇರುವುದು ಉಡುವುದಕ್ಕಲ್ಲ, ದಾಟಿಸುವುದಕ್ಕೆ. ಮದುವೆಯಲ್ಲಿ ಬೀಗರು ನಿಮಗೆ ಕೊಡುತ್ತಾರೆ. ನೀವು ಮಡಿಕೆ ಬಿಚ್ಚದೆ ಇನ್ನೊಬ್ಬ ಬೀಗರಿಗೆ ಕೊಡುತ್ತೀರಿ. ಅದು ಊರೂರು ಸುತ್ತಿ ನಾಲ್ಕು ವರ್ಷಕ್ಕೆ ಮತ್ತೆ ನಿಮ್ಮ ಟ್ರಂಕಿಗೇ ಬಂದು ಬೀಳುತ್ತದೆ. ನನ್ನ ಬಳಿ ಅಂಥವು ಹನ್ನೊಂದು ಇದ್ದವು. ಕಳೆದ ಭಾನುವಾರ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಹೊಲಕ್ಕೆ ಉಡಿಸಿದೆ.

(ಬೀಗರೇ, ಓದುತ್ತಿದ್ದರೆ ಕ್ಷಮಿಸಿ. ಆ ಕಡುಗುಲಾಬಿ ಬಣ್ಣದ್ದು ನಿಮ್ಮದೇ.)

ಹೊಲಕ್ಕೇಕೆ ಸೀರೆ ಅಂತೀರಾ? ಚಿಗರಿ ಕಾಟ. ಪುಸ್ತಕದಲ್ಲಿ ಕೃಷ್ಣಮೃಗ, ನಮ್ಮ ಬಾಯಲ್ಲಿ ಚಿಗರಿ. ರೋಣ, ನರಗುಂದ, ಗಜೇಂದ್ರಗಡದ ಬಯಲಿನಲ್ಲಿ ಅದಕ್ಕೆಂದು ಒಂದು ಕಾಡು ಎಲ್ಲಿದೆ? ಅದಕ್ಕೂ ನಮಗೂ ಇರುವುದು ಇದೇ ಎರೆಹೊಲ. ಸುರುಳಿ ಕೊಂಬಿನ ಕಪ್ಪು ಗಂಡು ಫೋಟೊದಲ್ಲಿ ಚೆಂದ. ಮೂವತ್ತರ ಹಿಂಡು ಹೆಸರುಕಾಳಿನ ಬೆಳೆಗೆ ಬಾಯಿ ಹಾಕಿದರೆ ಕುಡಿಯೂ ಉಳಿಯುವುದಿಲ್ಲ, ಹೂವೂ ಉಳಿಯುವುದಿಲ್ಲ. ಹೊಡೆಯುವಂತಿಲ್ಲ, ಕಾನೂನಿದೆ. ತಂತಿ ಬೇಲಿ ಹಾಕಿಸುವ ತಾಕತ್ತು ಎಲ್ಲರಿಗೂ ಇಲ್ಲ. ಅದಕ್ಕೇ ಹೊಲದ ಸುತ್ತ ಗೂಟ ನೆಟ್ಟು ಹಳೆ ಸೀರೆ ಕಟ್ಟುತ್ತೇವೆ. ಗಾಳಿಗೆ ಪಟಪಟ ಅಂದರೆ ಚಿಗರಿ ಬೆದರಿ ದೂರ ನಿಲ್ಲುತ್ತದೆ.

ನಾನು ರೋಣದ ಹೈಸ್ಕೂಲಿನಲ್ಲಿ ಟೀಚರ್. ಮನೆ ಮಾತ್ರ ಸವಡಿ ಹತ್ತಿರದ ಹೊಲದಲ್ಲೇ. ಹೊಲವನ್ನು ಪಾಲಿಗೆ ಮಾಡುವವಳು ಹನಮವ್ವ. ಗಂಡ ಗೋವಾದಲ್ಲಿ ಕಟ್ಟಡ ಕೆಲಸಕ್ಕಿದ್ದಾನೆ. ಬಿತ್ತಿದ್ದು, ಕಳೆ ತೆಗೆದದ್ದು ಎಲ್ಲ ಅವಳೇ. ಬೆಳೆಯಲ್ಲಿ ಅರ್ಧ ಅವಳದು, ಆ ಅರ್ಧದಲ್ಲೇ ಅವಳ ಮನೆ ನಡೆಯಬೇಕು.

ಸೀರೆ ಕಟ್ಟುವುದು ಬೆಳೆ ಮೊಳಕೆಯಲ್ಲಿದ್ದಾಗ. ಈ ಸಲ ತಡವಾಯಿತು, ತಡ ಮಾಡಿದವಳು ನಾನು. 'ಟ್ರಂಕಿನಲ್ಲಿ ಸೀರೆ ಇವೆ, ಮುಂದಿನ ಭಾನುವಾರ ಕೊಡ್ತೀನಿ' ಎಂದು ನಾಲ್ಕು ಭಾನುವಾರ ದೂಡಿದೆ. ಕೊನೆಗೆ ಕೊಡುವ ಹೊತ್ತಿಗೆ ಹೆಸರು ಮೊಣಕಾಲುದ್ದ ಬಂದಿತ್ತು. ಹನಮವ್ವ ಊರೆಲ್ಲ ತಿರುಗಿ ಬೇಡಿ ತಂದ ಹಳೆ ಸೀರೆಗಳ ಜೊತೆ ನನ್ನವನ್ನೂ ಸೇರಿಸಿದಳು.

"ಇವು ಇನ್ನಾ ಹೊಸಾವ ಅದಾವಲ್ರಿ ಅಕ್ಕೋರ," ಎಂದು ಒಂದನ್ನು ಕೈಯಿಂದ ಸವರಿ ನೋಡಿದಳು. "ಇದೊಂದ ನಾ ಉಟ್ಕೊಂತೀನ್ರಿ."

ಬೇಲಿಗೆ ಕೊಡುವ ಮೊದಲು ಅವಳಿಗೊಂದು ಕೊಡಬೇಕೆಂದು ನನಗೆ ತೋಚಿರಲಿಲ್ಲ. ನಾಚಿಕೆಯಾಯಿತು. ಸಂಜೆಯೊಳಗೆ ನಾಲ್ಕೂ ಕಡೆ ಕಟ್ಟಿ ಮುಗಿಸಿದೆವು.

ಮರುದಿನ ಬೆಳಿಗ್ಗೆ ಉತ್ತರದ ಬದುವಿನ ಹತ್ತಿರ ಒಂದು ಹೆಣ್ಣು ಚಿಗರಿ. ಹಿಂಡು ದೂರದಲ್ಲಿ ಮೇಯುತ್ತಿದ್ದರೂ ಇದು ಸೀರೆಗಳ ಉದ್ದಕ್ಕೂ ಅತ್ತಿಂದಿತ್ತ ಓಡಾಡುತ್ತಿತ್ತು. ಗಾಳಿ ಬಂದರೆ ಹಿಂದಕ್ಕೆ ಜಿಗಿಯುವುದು, ನಿಂತರೆ ಮತ್ತೆ ಹತ್ತಿರ ಬರುವುದು.

"ಈಕಿ ಭಾಳ ಮೊಂಡ ಅದಾಳ್ರಿ. ಹೆಸರಿನ ರುಚಿ ಹತ್ತೇತಿ," ಎಂದಳು ಹನಮವ್ವ.

ನಾನು ಎಣ್ಣೆ ಡಬ್ಬಿ ಬಾರಿಸಿದೆ. ಓಡಿತು, ತಿರುಗಿ ಬಂದಿತು. ಮಂಗಳವಾರ ಮಣ್ಣಿನ ಹೆಂಟೆ ಎಸೆದೆ. ಬುಧವಾರ ಕಲ್ಲೇ ಎಸೆದೆ. ಅಷ್ಟೇ ಅಲ್ಲ, ವಿಡಿಯೊ ಮಾಡಿ 'ಕರೆಯದೇ ಬಂದ ಗೆಸ್ಟ್' ಎಂದು ಸ್ಟೇಟಸ್ ಹಾಕಿದೆ. ಎಷ್ಟೊಂದು ನಗುವ ಇಮೋಜಿ ಬಂದವು ಗೊತ್ತೇ?

ಅದೇ ಬುಧವಾರ ಸಂಜೆ ಶಾಲೆಯಿಂದ ಬಂದು ಚಹಕ್ಕಿಟ್ಟಿದ್ದೆ. ಹೊಲದಿಂದ ಹನಮವ್ವ ಕರೆದಳು. "ಅಕ್ಕೋರ, ಲಗೂ ಬರ್ರಿ ಇಲ್ಲಿ."

ಎರಡು ಸಾಲಿನ ನಡುವೆ ಮರಿ ಮಲಗಿತ್ತು. ಕುತ್ತಿಗೆ ನೆಲಕ್ಕೆ ಹಚ್ಚಿತ್ತು. ಕಣ್ಣು ತೆರೆದಿದ್ದವು, ನೊಣ ಕೂತಿದ್ದರೂ ಮುಚ್ಚುತ್ತಿರಲಿಲ್ಲ. ನಾವು ಬಂದರೂ ಏಳಲಿಲ್ಲ.

ಚಿಗರಿ ಮರಿ ಹಾಕಿದರೆ ಬೆಳೆಯಲ್ಲಿ ಬಚ್ಚಿಟ್ಟು ದೂರ ಮೇಯಲು ಹೋಗುತ್ತದೆ. ಹಾಲು ಕುಡಿಸಲು ಮಾತ್ರ ಬರುತ್ತದೆ. ಇದು ಇಲ್ಲಿ ಯಾರಿಗೆ ಗೊತ್ತಿಲ್ಲ? ಅದಕ್ಕೇ ಬೆಳೆ ಎದ್ದ ಮೇಲೆ ಸೀರೆ ಕಟ್ಟುವವರು ಮೊದಲು ಚಪ್ಪಾಳೆ ಹೊಡೆಯುತ್ತ ಸಾಲು ಸಾಲು ಅಡ್ಡಾಡಿ ನೋಡುತ್ತಾರೆ. ಹನಮವ್ವನಿಗೆ ಗೊತ್ತು. ವಿಜ್ಞಾನ ಪಾಠ ಮಾಡುವ ನನಗೂ ಗೊತ್ತು. ಅಂದು ಇಬ್ಬರೂ ನೋಡಲಿಲ್ಲ. ನಾಲ್ಕು ವಾರ ತಡ ಮಾಡಿದವಳಿಗೆ ಆ ದಿನ ಎಲ್ಲಿಲ್ಲದ ಅವಸರ.

"ಕೂಸಿನ್ನ ಒಳಗಿಟ್ಟು ತಾಯೀನ್ನ ಹೊರಗ ಹಾಕೀವ್ರಿ ಅಕ್ಕೋರ," ಎಂದಳು ಹನಮವ್ವ.

ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಮುಟ್ಟಬೇಡಿ, ತಾಯಿಗೆ ದಾರಿ ಬಿಟ್ಟು ದೂರವಿರಿ ಎಂದರು. ಉತ್ತರದ ಸೀರೆಗಳನ್ನೆಲ್ಲ ಬಿಚ್ಚಿ ಬಂದು ಕಟ್ಟೆಯ ಮೇಲೆ ಕೂತೆವು. ಹೊತ್ತು ಮುಳುಗುವಾಗ ಅದು ಬಂದಿತು. ಬಾಗಿ ನೆಕ್ಕಿತು. ಮೂತಿಯಿಂದ ದೂಡಿತು. ಮತ್ತೆ ದೂಡಿತು. ನಮಗೆ ಕಾಣುತ್ತಿದ್ದದ್ದು ಬಾಗಿ ಏಳುವ ಅದರ ಬೆನ್ನು ಮಾತ್ರ. ಹನಮವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ನಾನು ಅತ್ತುಬಿಟ್ಟೆ.

ಬೆಳಿಗ್ಗೆ ಮರಿ ಸತ್ತಿತ್ತು. ಬಿಚ್ಚಿದ ಕಡೆಯಿಂದ ಹಿಂಡು ನುಗ್ಗಿ ಒಂದು ಎಕರೆ ಹೆಸರು ಮೇಯ್ದು ಹೋಗಿತ್ತು.

ಇಲಾಖೆಯವರು ಬಂದು ಪಂಚನಾಮೆ ಬರೆದರು. ಸಾವಿನ ಕಾರಣ, ಹಸಿವು. ಅದರಲ್ಲಿ ಸೀರೆಯ ಮಾತಿಲ್ಲ, ನನ್ನ ಮಾತೂ ಇಲ್ಲ. "ನಿಮ್ಮದೇನ್ ತಪ್ಪಿಲ್ಲ ಬಿಡ್ರಿ ಮೇಡಂ," ಎಂದು ಒಬ್ಬರು ಸಮಾಧಾನವನ್ನೂ ಹೇಳಿದರು. ಒಳ್ಳೆಯ ಮನುಷ್ಯ. ಆದರೆ ತಪ್ಪಿತ್ತು.

ಅವರು ಹೋದ ಮೇಲೆ ಹನಮವ್ವ ಬಿಚ್ಚಿದ ಸೀರೆಗಳನ್ನು ಮತ್ತೆ ಕಟ್ಟಲು ಹೊರಟಳು.

"ಎರಡು ದಿನ ಬಿಡೂಣು ಹನಮವ್ವಾ. ಅದು ಮರೀನ ಹುಡುಕ್ಕೊಂತ ಬರ್ತೈತಿ."

"ಬರ್ತೈತ್ರಿ. ಅದರ ಬೆನ್ನ ಹಿಂದ ಮೂವತ್ತು ಬರ್ತಾವು. ನನ್ನ ಮಕ್ಕಳು ಏನ್ ತಿನ್ನಬೇಕ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ನಾನು ಸೀರೆಯ ಇನ್ನೊಂದು ತುದಿ ಹಿಡಿದೆ.

ಸಹಬಾಳ್ವೆ ಎಂದು ಇದೇ ಅಂಕಣದಲ್ಲಿ ನಾನೇ ಎಷ್ಟು ಸಲ ಉಪದೇಶ ಮಾಡಿಲ್ಲ? ನವಿಲಿನ ಬಗ್ಗೆ ಬರೆದೆ, ತೋಳದ ಬಗ್ಗೆ ಬರೆದೆ, ನೀವು ಓದಿ ಮೆಚ್ಚಿದಿರಿ. ಈಗ ಆ ಪದ ಬರೆಯಲು ಮನಸ್ಸು ಬರುತ್ತಿಲ್ಲ. ಚಿಗರಿಗೆ ದಾರಿ ಬಿಟ್ಟರೆ ಹನಮವ್ವನ ಮಕ್ಕಳಿಗಿಲ್ಲ, ಬಿಡದಿದ್ದರೆ ಹೀಗೆ. ಮೂರನೆಯ ದಾರಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಭಾಷಣ ಮಾತ್ರ ಬೇಡ.

ಇವತ್ತು ಬೆಳಿಗ್ಗೆ ಅದು ಮತ್ತೆ ಉತ್ತರದ ಬದುವಿಗೆ ಬಂದು ನಿಂತಿತ್ತು. ಮರಿಯನ್ನು ಹುಡುಕಲು ಬಂದಿತ್ತೋ, ಮೇಯಲು ಬಂದಿತ್ತೋ ತಿಳಿಯಲಿಲ್ಲ. ಡಬ್ಬಿ ಬಾರಿಸಿದೆ. ಸ್ವಲ್ಪ ದೂರ ಓಡಿ, ನಿಂತು, ತಿರುಗಿ ಹೊಲದ ಕಡೆಗೇ ನೋಡಿತು. ಇನ್ನೊಮ್ಮೆ ಬಾರಿಸಿದೆ.

ಯಾಕೆ ಬಂದಿತ್ತೆಂದು ತಿಳಿಯದೆ ಓಡಿಸಿದೆ ಎಂದುಕೊಳ್ಳಬಹುದು, ತಿಳಿದಿದ್ದರೆ ಒಳಗೆ ಬಿಡುತ್ತಿದ್ದೆನೇ?