ಪ್ರಾಸ್ಪೆಕ್ಟಿಗೆ ಹೊರಟ ಸಮಿತ್ತಿನ ಕಟ್ಟು

ಆಸ್ಟ್ರೇಲಿಯಾದ ಪರ್ತ್ ನಗರದಂಚಿನ ಜೂಂಡಲಪ್ಪಿನ ಚಂದ್ರಮೌಳಿಯವರು ವಾರದ ದಿನಗಳಲ್ಲಿ ಲಿಫ್ಟ್ ರಿಪೇರಿಯ ಎಂಜಿನಿಯರು, ಶನಿವಾರ ಭಾನುವಾರ ಪರ್ತ್ ಕನ್ನಡಿಗರ ಪುರೋಹಿತರು. ಎರಡೂ ಒಂದೇ ಕೆಲಸ, ಜನರನ್ನು ಮೇಲಕ್ಕೆ ಕಳಿಸುವುದು ಎಂದು ಹೆಂಡತಿ ಸರಸ್ವತಿ ಛೇಡಿಸುತ್ತಾರೆ.

ಪೂಜೆಯ ವಿಷಯದಲ್ಲಿ ಅವರದು ಹಿಡಿದದ್ದೇ ಹಟ. ಇಂಡಿಯನ್ ಅಂಗಡಿಯ ಪ್ಯಾಕೆಟ್ ಸಮಿತ್ತು ಕಂಡರೆ ಮೂಗು ಮುರಿಯುತ್ತಾರೆ. "ಯಾವ ಮರದ್ದೋ, ಯಾರು ಕಡಿದ್ರೋ! ಹೋಮಕ್ಕೆ ಗುರುತು ಪರಿಚಯ ಇರೋ ಮರ ಬೇಕು." ಆ ಪರಿಚಯಸ್ಥ ಮರ ಅವರ ಹಿತ್ತಲಿನ ಅಂಜೂರ. ಮನೆ ಕೊಂಡ ವರ್ಷವೇ ಕೈಯಾರೆ ನೆಟ್ಟದ್ದು. ಶಾಸ್ತ್ರದಲ್ಲಿ ಹೇಳಿರುವುದು ಅತ್ತಿ. ಪರ್ತಿನಲ್ಲಿ ಅತ್ತಿಗೆ ಎಲ್ಲಿ ಹೋಗುವುದು? ಅಂಜೂರ ಅತ್ತಿಯ ದಾಯಾದಿ ಎಂದು ತಾವೇ ತೀರ್ಪು ಕೊಟ್ಟು, ಅದರ ಕೊಂಬೆ ಸೀಳಿ ಅರ್ಧ ಊರಿನ ಗೃಹಪ್ರವೇಶ ಮುಗಿಸಿದ್ದರು.

ಈ ವರ್ಷ ಮರದ ಒಂದು ಮಗ್ಗುಲು ತಾನಾಗಿಯೇ ಒಣಗತೊಡಗಿತು. ಕೇಳದೆ ಸಮಿತ್ತು ಸಿಗುತ್ತಿದೆ ಎಂದು ಚಂದ್ರಮೌಳಿಯವರಿಗೆ ಖುಷಿಯೋ ಖುಷಿ.

"ರೀ, ಲೆಟರ್‌ಬಾಕ್ಸಿಗೆ ಬಂದ ಕೀಟದ ಇಲಾಖೆ ಕಾಗದ ನೋಡಿದ್ರಾ? ಎಳ್ಳಿಗಿಂತ ಚಿಕ್ಕ ಹುಳ ಅಂತೆ. ಮರ ಕೊರೆದು ಒಳಗೆ ಬೂಷ್ಟು ಬಿತ್ತಿ, ಅದನ್ನೇ ತಿನ್ನತ್ತಂತೆ. ಮರ ಸತ್ತೇ ಹೋಗತ್ತೆ. ಹುಳ ಬಿದ್ದ ಮರಾನ ಅವ್ರೇ ಬಂದು ಕಡಿದುಹಾಕ್ತಾರಂತೆ. ಕಟ್ಟಿಗೆ ಎಲ್ಲೂ ಸಾಗಿಸ್ಬಾರ್ದಂತೆ," ಎಂದರು ಸರಸ್ವತಿ.

"ಅದು ಸೌದೆ ಸಾಗಿಸೋರಿಗೆ ಕಣೇ. ಇದು ಹೋಮದ್ರವ್ಯ."

ಈ ಸಲ ಗೃಹಪ್ರವೇಶ ಮಾಡಿಸಲು ಹೊರಟಿದ್ದು ಪಕ್ಕದ ರಾಜ್ಯದ ಅಡಿಲೇಡಿಗೆ. ಅವರ ತಂಗಿಯ ಮಗಳು ಗೌತಮಿ ಅಲ್ಲಿನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿ ಹಳೆಯ ಮನೆ ಕೊಂಡಿದ್ದಳು. ಅಡುಗೆಮನೆ ಇಕ್ಕಟ್ಟು, ಬಚ್ಚಲು ಸೋರುತ್ತದೆ. ಆದರೆ ಹಿತ್ತಲಿನಲ್ಲೊಂದು ಮುದಿ ಅಕ್ರೋಟ್ ಮರ. ಅದನ್ನು ನೋಡಿದ್ದೇ ಹುಡುಗಿ ಸೋತುಹೋಗಿದ್ದಳು. ಚಂದ್ರಮೌಳಿಯವರು ಸಮಿತ್ತಿನ ಕಟ್ಟನ್ನು ಮಡಿಪಂಚೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ಸೇರಿಸಿದರು. ಅಡಿಲೇಡ್ ಏರ್‌ಪೋರ್ಟಿನಲ್ಲಿ, ಹೊರಗಿನ ಹುಳ ಹುಪ್ಪಟೆ ಊರೊಳಗೆ ಬರದಿರಲೆಂದು ಇಟ್ಟ ಹಣ್ಣು ಬಿಸಾಡುವ ಡಬ್ಬಿ ಕಂಡಾಗ ಕೈಚೀಲದ ದಾಳಿಂಬೆಯನ್ನಷ್ಟೇ ಹಾಕಿ ಧರ್ಮರಾಯನ ಹಾಗೆ ಮುಂದೆ ನಡೆದರು.

ಮನೆಯೊಳಗೆ ಹೋಮ ಮಾಡಿದರೆ ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆಂದು ಮರದ ಕೆಳಗೇ ಹೋಮಕುಂಡ ಇಟ್ಟಿದ್ದರು. ಅವರು ಕಟ್ಟು ಬಿಚ್ಚಿದರು. ರಂಗೋಲಿ ಹಾಕುತ್ತಿದ್ದ ಗೌತಮಿ ಕತ್ತೆತ್ತಿದಳು.

"ಮಾವ, ಪಂಚೇಲಿ ಏನು ರವೆ ಉದುರಿದೆ?"

ಒಣಗಿದ್ದಕ್ಕೆ ಹಾಗೆ ಎನ್ನಲು ಹೊರಟವರು ಒಂದು ಕಡ್ಡಿ ಎತ್ತಿ ನೋಡಿದರು. ಗುಂಡುಸೂಜಿ ಚುಚ್ಚಿದಂತೆ ಸಾಲು ತೂತು. ಸರಸ್ವತಿ ಬಗ್ಗಿ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಕಾಗದದ ಫೋಟೋಲಿ ಇದ್ದಿದ್ದು ಇದೇ ರೀ!"

ಗೌತಮಿ ಬೈಯಲಿಲ್ಲ. ಅಕ್ರೋಟ್ ಮರದ ಬೊಡ್ಡೆಗೆ ಬೆನ್ನು ಕೊಟ್ಟು ನಿಂತಳು, ಮಾವನಿಂದ ಅದನ್ನು ಕಾಪಾಡುವವಳಂತೆ. ಚಂದ್ರಮೌಳಿಯವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಡಬಡಿಸಿ ಎಲ್ಲವನ್ನೂ ಮತ್ತೆ ಪಂಚೆಯಲ್ಲಿ ಬಿಗಿದರು.

"ಇಲ್ಲೇ ಸುಟ್ಟುಬಿಡ್ತೀನಿ. ಯಾರಿಗೆ ಗೊತ್ತಾಗತ್ತೆ?"

"ಹುಳ ಆಗಲೇ ಹಾರಿಹೋಗಿದ್ರೆ? ಫೋನ್ ಮಾಡಿ," ಎಂದರು ಸರಸ್ವತಿ.

"ಮಾಡಿದ್ರೆ ನಮ್ಮ ಮರ ಹೋಗತ್ತೆ ಕಣೇ."

"ಮಾಡ್ದೇ ಇದ್ರೆ ಅವಳದು ಹೋಗತ್ತೆ."

ಮಡಿಯುಟ್ಟು, ವಿಭೂತಿ ಬಳಿದುಕೊಂಡು, ಅವರು ಕೀಟದ ಇಲಾಖೆಗೆ ಫೋನ್ ಮಾಡಿದರು. ತಂದದ್ದು ತಾನೇ ಎಂದರು, ಜೂಂಡಲಪ್ಪಿನ ವಿಳಾಸವನ್ನೂ ಹೇಳಿದರು. ಸುಡಬೇಡಿ, ಚೀಲಕ್ಕೆ ಹಾಕಿ ಬಾಯಿ ಕಟ್ಟಿಡಿ ಎಂದಿತು ಆ ಕಡೆಯ ದನಿ. ಹಳದಿ ಜಾಕೆಟ್ಟಿನವರು ಬಂದು ಪಂಚೆಯ ಸಮೇತ ಒಯ್ದರು. ಅಕ್ರೋಟ್ ಮರವನ್ನು ಬುಡದಿಂದ ತುದಿಯವರೆಗೆ ತಡಕಿ, ಹುಳ ಹಿಡಿಯುವ ಬೋನೊಂದನ್ನು ನೇತುಹಾಕಿ, ಪುರೋಹಿತರಿಗೆ ಚೆನ್ನಾಗಿ ಮಂಗಳಾರತಿ ಮಾಡಿ ಹೋದರು. ಅಷ್ಟರಲ್ಲಿ ಮುಹೂರ್ತ ಮೀರಿತ್ತು. ಗೌತಮಿ ಪ್ರಾಸ್ಪೆಕ್ಟ್ ರೋಡಿನ ಅಂಗಡಿಯಿಂದ ಪ್ಯಾಕೆಟ್ ಸಮಿತ್ತು ತಂದಳು. ಅಗ್ನಿದೇವ ಮೂಗು ಮುರಿಯಲಿಲ್ಲ.

ಬೋನಿಗೆ ಒಂದು ಹುಳವೂ ಬೀಳಲಿಲ್ಲ ಎಂದು ಆಮೇಲೆ ಗೌತಮಿಯ ಫೋನ್ ಬಂತು. ಅದೇ ವಾರ ಜೂಂಡಲಪ್ಪಿನ ಹಿತ್ತಲಿಗೆ ಗರಗಸದವರು ಬಂದರು. ಮರ ಕಡಿಯುವ ಮುನ್ನ ಅದರ ಕ್ಷಮೆ ಕೇಳುವುದು ಪದ್ಧತಿ, ಮಂತ್ರಕ್ಕೆ ಸ್ವಲ್ಪ ಹೊತ್ತು ಬೇಕು ಎಂದು ಚಂದ್ರಮೌಳಿಯವರು ಮೊದಲೇ ಹೇಳಿಟ್ಟಿದ್ದರು. ಆ ಪುಣ್ಯಾತ್ಮರು ಯಂತ್ರ ಕೆಳಗಿಟ್ಟು ಫ್ಲಾಸ್ಕಿನ ಟೀ ಬಗ್ಗಿಸಿಕೊಂಡರು. ಚಂದ್ರಮೌಳಿಯವರು ಅಂಜೂರದ ಮುಂದೆ ಕೈಮುಗಿದು ನಿಂತರು. ಸಂಸ್ಕೃತದ ಒಂದು ಅಕ್ಷರವೂ ನಾಲಿಗೆಗೆ ಬರಲಿಲ್ಲ.

"ತಪ್ಪಾಯ್ತು ತಾಯೀ. ನೀನು ಒಣಗ್ತಾ ಇದ್ರೆ ನಾನು ಖುಷಿಪಟ್ಟೆ," ಎಂದವರೇ ಈಚೆ ಬಂದುಬಿಟ್ಟರು.

ಗರಗಸದವರು ಇನ್ನೂ ಟೀಗೆ ತುಟಿ ಹಚ್ಚಿರಲಿಲ್ಲ.