ಕರ್ಪೂರದ ಮಸಿ

ಚೆನ್ನೈನ ಕ್ರೋಂಪೇಟೆಯಲ್ಲಿರುವ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಬ್ಯಾಟರಿ ಲ್ಯಾಬಿನಲ್ಲಿ ಅಂದಾನಿ ಇಪ್ಪತ್ತಾರು ವರ್ಷ ಸಹಾಯಕರಾಗಿದ್ದರು. ನಾನು ಅಲ್ಲೇ ಸ್ಟೋರ್ ನೋಡಿಕೊಳ್ಳುವವಳು. ಕೂದಲೆಳೆಗಿಂತ ಸಾವಿರ ಪಾಲು ಸಣ್ಣ ಕಣಗಳ ಕಪ್ಪು ಪುಡಿಯನ್ನು ಅಂಟಿನಲ್ಲಿ ಕಲಸಿ, ತಾಮ್ರದ ತೆಳು ಹಾಳೆಗೆ ಬಳಿದು, ಓವನ್ನಿನಲ್ಲಿ ಒಣಗಿಸಿ, ನಾಣ್ಯದಷ್ಟು ಸೆಲ್ ಕಟ್ಟುವುದು ಅವರ ಕೆಲಸ. ಅವರು ಕಟ್ಟಿದ ಸೆಲ್‌ಗಳಿಂದ ಒಂಬತ್ತು ಜನ ಡಾಕ್ಟರೇಟ್ ಪಡೆದರು. ಒಬ್ಬರಾದರೂ ಎಲ್ಲಾದರೂ ಅಂದಾನಿಯ ಹೆಸರು ಬರೆದರೇ? ಇಲ್ಲ. ನಾನು ರೇಗಿದರೆ, "ಬುಡವ್ವ, ಹೆಸ್ರು ಇಟ್ಕಂಡು ಉಪ್ಪಿನಕಾಯಿ ಹಾಕನಾ?" ಅನ್ನುತ್ತಿದ್ದರು. ಕೊಳ್ಳೇಗಾಲದ ಕಡೆಯವರು.

ಕಳೆದ ವರ್ಷ ತೃಪ್ತಿಯ ಸರದಿ. ಅಡ್ಯಾರಿನ ಹಳೇ ಮಾಧ್ವರ ಮನೆಯ ಹುಡುಗಿ. ಐದು ವರ್ಷ ಅವಳ ಸೆಲ್‌ಗಳು ನೂರು ಸಲ ಚಾರ್ಜ್ ಆಗುವುದರೊಳಗೆ ಸತ್ತುಹೋಗುತ್ತಿದ್ದವು. ಆಯುಧಪೂಜೆ ಆದ ಮೇಲೆ ಕಟ್ಟಿದ ಎಂಟು ಸೆಲ್ ಮಾತ್ರ ಎಂಟುನೂರು ದಾಟಿದವು. ಎಲ್ಲರಿಗೂ ಮೈಸೂರುಪಾಕು ಹಂಚಿದಳು, ಅದು ತಾನು ತಯಾರಿಸಿದ ಹೊಸ ಪುಡಿಯ ಗುಣವೆಂದು ಪ್ರಬಂಧ ಬರೆದಳು. ಒಪ್ಪಿಸಲು ಹತ್ತು ದಿನ ಉಳಿದಿತ್ತು.

ಆಗ ಒಂದು ಮಧ್ಯಾಹ್ನ ಅಂದಾನಿ ಊಟದ ಡಬ್ಬಿ ತೆರೆಯದೆ ನನಗೆ ವಿಷಯ ಹೇಳಿದರು. ಪೂಜೆಯ ದಿನ ಓವನ್ನಿಗೆ ಗಂಧ, ಕುಂಕುಮ ಇಟ್ಟು ಕರ್ಪೂರ ಬೆಳಗಿದಾಗ ಪುಡಿಯ ಬಟ್ಟಲು ಪಕ್ಕದಲ್ಲೇ ತೆರೆದಿತ್ತಂತೆ. ಮಸಿ ಬಿದ್ದದ್ದು ಕಂಡಿತಂತೆ. ಕಪ್ಪಿಗೆ ಕಪ್ಪು ಸೇರಿದರೆ ಏನಾದೀತು ಎಂದು ಹಾಗೇ ಕಲಸಿಬಿಟ್ಟಿದ್ದರು. ಆಮೇಲೆ ಅದೇ ಪುಡಿಯಲ್ಲಿ ಮಸಿಯಿಲ್ಲದೆ ತಾವೇ ನಾಲ್ಕು ಸೆಲ್ ಕಟ್ಟಿ ನೋಡಿದ್ದರು. ನಾಲ್ಕೂ ನೂರರೊಳಗೇ ಸತ್ತಿದ್ದವು. ಗುಣ ಪುಡಿಯದಲ್ಲ, ಮಸಿಯದು.

"ಬಾಯಿ ಮುಚ್ಚಿಕೊಂಡಿರಿ. ರಿಟೈರ್ ಆಗೋಕೆ ಮೂರು ತಿಂಗಳಿದೆ. ಅವಳ ಐದು ವರ್ಷಾನೂ ಹಾಳು, ನಿಮ್ಮ ಮಾನಾನೂ ಹಾಳು" ಎಂದೆ. ಹಾಗೆ ಹೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ.

"ಆ ಕೂಸು ಸುಳ್ಳಿಗೆ ಸೈನ್ ಹಾಕ್ತದೆ ಕಣವ್ವ, ಗೊತ್ತಿಲ್ದೆ. ಗೊತ್ತಿರೋನು ನಾನು" ಎಂದು ಎದ್ದರು.

ತೃಪ್ತಿಯ ಮೇಜಿನ ಮುಂದೆ ನಿಂತೇ ಎಲ್ಲ ಹೇಳಿದರು. ಅವಳ ಮುಖ ಬಿಳಿಚಿಕೊಂಡಿತು. "ಅಯ್ಯೋ ಮಾಮಾ, ಮುನ್ನಾಡಿಯೇ, ಆಗಲೇ ಯಾಕೆ ಹೇಳಲಿಲ್ಲ?"

"ಹೆದ್ರಿದ್ದೆ ಕಣವ್ವ."

ಅವಳು ಬಹಳ ಹೊತ್ತು ಅತ್ತಳು. ಅಂದಾನಿ ಕೈಕಟ್ಟಿ ನಿಂತೇ ಇದ್ದರು. ನನಗೆ ಇಬ್ಬರನ್ನೂ ನೋಡಲಾಗಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು, ಪ್ರಬಂಧದ ಕಟ್ಟನ್ನು ಡ್ರಾಯರಿಗೆ ಹಾಕಿ, ರೆಕಾರ್ಡ್ ಪುಸ್ತಕ ಎಳೆದುಕೊಂಡಳು. ಆಯುಧಪೂಜೆಯ ಪುಟ ತೆಗೆದು ಕೆಂಪು ಶಾಯಿಯಲ್ಲಿ ಬರೆದಳು: "ಪುಡಿಗೆ ಕರ್ಪೂರದ ಮಸಿ ಬಿದ್ದಿದೆ. ಕಂಡು ಹೇಳಿದವರು, ಅಂದಾನಿ."

ಪುಸ್ತಕವನ್ನು ಅವರ ಕಡೆ ತಿರುಗಿಸಿದಳು. ಅವರು ಕನ್ನಡಕ ಹಾಕಿಕೊಂಡು, ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಓದಿದರು. ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು.

"ತಪ್ಪಿಗಾದ್ರೂ ಬಂತಲ್ಲ" ಎಂದು ಕನ್ನಡಕ ತೆಗೆದರು. ನಾನು ಸ್ಟೋರಿನ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.